ಮೆಟ್ಟಿಲಿಂದ ಬಿದ್ದೆ

ತಾರಿಣಿ ಮೊದಲು ಕಂಡದ್ದು ಅವನ ರಕ್ತವನ್ನು. ಮುಖ ಕಂಡದ್ದು ಆಮೇಲೆ.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಎರಡು ಮಂಚಗಳ ನಡುವೆ ಒಂದು ನೀಲಿ ಪರದೆ. ಈಚೆ ಮಂಚದಲ್ಲಿ ಮಿಸೆಸ್ ಹಾನ್ ಎಂಬ ಅರವತ್ತೆಂಟರ ಕೊರಿಯನ್ ಹೆಂಗಸು. ಹಣೆಗೆ ಏಳು ಹೊಲಿಗೆ ಬಿದ್ದಿತ್ತು. ಎಡಗಣ್ಣು ಬದನೆಕಾಯಿಯ ಬಣ್ಣಕ್ಕೆ ಊದಿ ಮುಚ್ಚಿಕೊಂಡಿತ್ತು. ಆಕೆಯ ಕೊರಿಯನ್ ಮಾತನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಮುಟ್ಟಿಸುವುದು ತಾರಿಣಿಯ ಕೆಲಸ. ಎಡಿಸನ್ ಎಂಬ ಊರಲ್ಲಿ ಹುಟ್ಟಿದ ಮೈಸೂರಿನವರ ಮಗಳಿಗೆ ಕೊರಿಯನ್ ಎಲ್ಲಿಂದ ಬಂತು ಎಂದರೆ ಅದೊಂದು ಕಥೆ. ಬರುತ್ತದೆ, ತಾಳಿ.

"ಏನಾಯಿತು ಅಂತ ಕೇಳಿ" ಎಂದರು ಡಾಕ್ಟರು.

ಮಿಸೆಸ್ ಹಾನ್ ನೆಲ ನೋಡುತ್ತಾ ಒಂದು ಸಾಲು ಹೇಳಿದಳು. ಈ ವೃತ್ತಿಯಲ್ಲಿ ಒಂದು ಕಟ್ಟುಪಾಡಿದೆ. ಅವರು 'ನಾನು' ಎಂದರೆ ನೀವೂ 'ನಾನು' ಎನ್ನಬೇಕು. ಒಂದು ಕೂಡಿಸಬಾರದು, ಒಂದು ಕಳೆಯಬಾರದು. ತಾರಿಣಿ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಮೆಟ್ಟಿಲಿಂದ ಬಿದ್ದೆ."

ಪರದೆಯಾಚೆ ಒಂದು ಸ್ಟೀಲ್ ಟ್ರೇ ಢಣ್ಣೆಂದು ಗೋಡೆಗೆ ಬಡಿಯಿತು. ಪರದೆ ಕಿತ್ತು ಬರುವ ಹಾಗೆ ಸರಿಯಿತು. ಅಲ್ಲೊಬ್ಬ ಗಂಡಸು. ಅಂಗಿಯ ಎದೆಯೆಲ್ಲ ಕೆಂಪು. ಕೆಳದವಡೆ ಇರಬೇಕಾದ ಜಾಗ ಬಿಟ್ಟು ಎಡಕ್ಕೆ ವಾಲಿತ್ತು. ಒಂದು ಕೈಯಲ್ಲಿ ದವಡೆಯನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಯಾವುದೋ ಫಾರ್ಮಿನ ಹಿಂದೆ ಗೀಚಿ ತಾರಿಣಿಯ ಮುಖಕ್ಕೆ ಹಿಡಿದ. ಒಂದೇ ಇಂಗ್ಲಿಷ್ ಪದ: ಸುಳ್ಳಿ.

ಸಿಟ್ಟು ಬಂದಾಗ ತಾರಿಣಿ ಕನ್ನಡದಲ್ಲಿ ಗೊಣಗುತ್ತಿದ್ದಳು. ಯಾರಿಗೂ ತಿಳಿಯುವುದಿಲ್ಲವಲ್ಲ ಎಂಬ ಧೈರ್ಯ. "ಇಷ್ಟು ಹೊಡೆಸ್ಕೊಂಡ್ರೂ ಕೊಬ್ಬು ಕರಗಿಲ್ಲ ನೋಡು."

ಅವನು ನಕ್ಕುಬಿಟ್ಟ. ಎರಡು ಕಡೆ ಮುರಿದ ದವಡೆಯಲ್ಲಿ ನಗು ಅರ್ಧಕ್ಕೇ ಚೀರಾಟವಾಯಿತು. ಇಬ್ಬರು ನರ್ಸುಗಳು ಭುಜ ಒತ್ತಿ ಮಲಗಿಸಿದರು. ನೋವು ಇಳಿದ ಮೇಲೆ, ಕಣ್ಣಂಚಿನ ನೀರು ಒರೆಸಿಕೊಳ್ಳದೆ, ಅದೇ ಹಾಳೆಯ ಮೂಲೆಯಲ್ಲಿ ಕನ್ನಡದಲ್ಲಿ ಬರೆದು ತೋರಿಸಿದ: 'ನಗಸಬ್ಯಾಡ್ರಿ. ಜೀವಾ ಹೋಗ್ತದ.'

ಅವನ ಹೆಸರು ಓಂಕಾರ್, ಹುಬ್ಬಳ್ಳಿಯವನು. ಮ್ಯಾನ್‌ಹಟನ್ನಿನ ಒಂದು ಯೂನಿವರ್ಸಿಟಿಯಲ್ಲಿ ಪಾಠ ಹೇಳುತ್ತಿದ್ದ. ಆ ಸಂಜೆ ಹಳೆಯ ಕೊರಿಯನ್ ಡಿಕ್ಷನರಿ ಹುಡುಕಿಕೊಂಡು ಪಾಲಿಸೇಡ್ಸ್ ಪಾರ್ಕ್ ಎಂಬ ಕೊರಿಯನ್ನರ ಊರಿಗೆ ಹೋದವನು, ಡ್ರೈಕ್ಲೀನಿಂಗ್ ಅಂಗಡಿಯೊಂದರ ಮುಂದೆ ಒಬ್ಬ ತರುಣ ವಯಸ್ಸಾದ ಹೆಂಗಸಿನ ಕೂದಲು ಹಿಡಿದು ಗಾಜಿಗೆ ಅಪ್ಪಳಿಸುವುದನ್ನು ಕಂಡ. ನಡುವೆ ನುಗ್ಗಿದ. ತರುಣನ ಕೈಯಲ್ಲಿ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಇತ್ತು. ಮೊದಲ ಏಟು ಭುಜಕ್ಕೆ, ಎರಡನೆಯದು ದವಡೆಗೆ. ಮೂರನೆಯದು ಬೀಳುವ ಮೊದಲು ಆ ಹೆಂಗಸೇ ತರುಣನ ಕಾಲು ತಬ್ಬಿದಳಂತೆ. ಆ ತರುಣ ಅವಳ ಮಗ.

ಇಷ್ಟನ್ನೂ ಅವನು ಬರೆದೇ ತಿಳಿಸಿದ. ತಾರಿಣಿ ಓದಿ ಹಾಳೆ ಮಡಚಿದಳು. "ನನಗೆ ಗೊತ್ತಿತ್ತು" ಎಂದಳು ಮೆಲ್ಲಗೆ. "ಆದ್ರೆ ಅವ್ರು ಹೇಳಿದ್ದಷ್ಟೇ ನಾನು ಹೇಳ್ಬೇಕು."

'ಹೆಂಗ ಗೊತ್ತಿತ್ತು?' ಎಂದು ಬರೆದ.

ಅವಳು ಎಡಗೈ ಮಣಿಕಟ್ಟನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು. ಅವನು ಅದನ್ನು ನೋಡಿದ. ನೋಡಿದ್ದು ಅವಳಿಗೂ ತಿಳಿಯಿತು.

ದವಡೆಗೆ ತಂತಿ ಬಿಗಿದು ಆರು ವಾರ ಎಂದರು. ಮಾತಿಲ್ಲ, ಅಗಿಯುವುದಿಲ್ಲ, ಎಲ್ಲವೂ ಸ್ಟ್ರಾನಲ್ಲಿ. ವಾಂತಿ ಬಂದರೆ ಉಸಿರು ಕಟ್ಟಬಾರದೆಂದು ತಂತಿ ಕತ್ತರಿಸುವ ಪುಟ್ಟ ಕಟರೊಂದನ್ನು ಕೊಟ್ಟು, ಸದಾ ಕೈಗೆಟುಕುವ ಹಾಗೆ ಇಟ್ಟುಕೊಳ್ಳಲು ಹೇಳಿದ್ದರು.

ಹೋಬೋಕನ್ನಿನ ಅವನ ಅಪಾರ್ಟ್‌ಮೆಂಟಿಗೆ ತಾರಿಣಿ ಮೊದಲ ಸಲ ಹೋದದ್ದು ರಾಗಿ ಅಂಬಲಿ ಕೊಡಲು. ಎರಡನೆಯ ಸಲ ಫ್ಲಾಸ್ಕ್ ವಾಪಸ್ ತರಲು. ಮೂರನೆಯ ಸಲಕ್ಕೆ ನೆಪ ಹುಡುಕುವ ಗೋಜಿಗೇ ಹೋಗಲಿಲ್ಲ. ಒಳಗೆ ಬಂದ ಕೂಡಲೇ ಅವನು ಕಟರನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಿದ್ದ. ಅವನು ಬರೆದು ಮಾತಾಡುವ ಬಿಳಿ ಬೋರ್ಡಿನಲ್ಲಿ ಆ ಸಾಲು ಅಳಿಸದೆ ಉಳಿದೇ ಇತ್ತು: 'ನೀವಿದ್ದಾಗ ನನ್ನ ಜೀವಾ ನಿಮ್ಮ ಕೈಯಾಗ.'

"ಡೈಲಾಗ್ ಬೇಡ, ಅಂಬಲಿ ಕುಡೀರಿ."

'ರಾಗಿ ಮೈಸೂರು ಮಂದಿ ಊಟ. ತಂತಿ ತಗದ ದಿನ ನನ್ನ ಮೊದಲ ಮಾತು ಗಿರ್ಮಿಟ್.'

"ಗಿರ್ಮಿಟ್ ಅಂದ್ರೆ?"

ಹುಬ್ಬಳ್ಳಿಯ ಮಂಡಕ್ಕಿ ಗಿರ್ಮಿಟ್ ಕೇಳರಿಯದವಳೇ ಎಂಬಂತೆ ಅವನು ಎದೆಗೆ ಕೈಯಿಟ್ಟುಕೊಂಡು ಸೋಫಾದ ಮೇಲೆ ಸತ್ತವನ ಹಾಗೆ ಬಿದ್ದ.

ಜಗಳಕ್ಕೂ ಬರವಿರಲಿಲ್ಲ. ಚೀನಾ, ಜಪಾನ್, ಕೊರಿಯಾಗಳಲ್ಲಿ ಮನುಷ್ಯನ ಹಕ್ಕು ಎಂಬ ವಿಚಾರ ಅನುವಾದದ ಹಡಗಿನಲ್ಲಿ ಬಂದಿಳಿದದ್ದೋ, ಇಲ್ಲ ಮೊದಲೇ ಅವರ ಮನೆಯಂಗಳದಲ್ಲಿ ಇದ್ದದ್ದೋ ಎಂಬುದು ಅವನ ಸಂಶೋಧನೆ. ಪದ ಹೊರಗಿಂದ ಬಂದಿರಬಹುದು, ಬೆಲೆ ಎಲ್ಲ ಕಡೆಯೂ ಒಂದೇ ಎಂಬುದು ಅವನ ವಾದ.

"ಅವರ ಮಾತು ಬಿಡಿ, ನಮ್ಮ 'ಹಕ್ಕು' ಏನು ನಿಮ್ಮಜ್ಜಿ ಮನೇದಾ? ಅದೂ ಅರಬ್ಬಿಯಿಂದ ಬಂದಿದ್ದು" ಎಂದಳು ತಾರಿಣಿ. "ಪುಸ್ತಕದಲ್ಲಿ ಎಲ್ಲಾ ಒಂದೇ ಕಣ್ರೀ. ಆಸ್ಪತ್ರೆಗೆ ಬನ್ನಿ. ಒಂದು ಮನೇಲಿ ಮರ್ಯಾದೆ ಅನ್ನೋದು ಇನ್ನೊಂದು ಮನೇಲಿ ಮೂಳೆ ಮುರಿಯುತ್ತೆ."

ಅವನು ಬೋರ್ಡ್ ಕೆಳಗಿಟ್ಟು ಅವಳನ್ನೇ ನೋಡುತ್ತಿದ್ದ. ಮಾತಾಡಲಾರದ ಗಂಡಸು ಎಷ್ಟು ಹೊತ್ತು ನೋಡಬಲ್ಲ ಎಂಬುದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಕಿವಿ ಬಿಸಿಯಾಯಿತು. "ಅಂಬಲಿ ಆರ್ತಿದೆ" ಎಂದಳು.

ನಾಲ್ಕನೆಯ ವಾರ ಬಾಗಿಲು ತೆರೆದಾಗ ಅವನ ಬಲಗೈ ಗೆಣ್ಣುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಾಲಿನ ಗೋಡೆಯಲ್ಲಿ, ಎದೆಯ ಎತ್ತರಕ್ಕೆ, ಮುಷ್ಟಿ ಗಾತ್ರದ ತೂತು. ಮಿಸೆಸ್ ಹಾನ್ ಮಗ ಜಾಮೀನಿನ ಮೇಲೆ ಹೊರಬಂದನಂತೆ, ತಾಯಿ ಹೇಳಿಕೆಯನ್ನೇ ಕೊಡಲಿಲ್ಲವಂತೆ. ರಾತ್ರಿಯೆಲ್ಲ ಕನಸಿನಲ್ಲಿ ಆ ಕೊಕ್ಕೆ ಬೀಸಿ ಬರುತ್ತದಂತೆ. 'ಅವ ಸಿಕ್ಕರ ಅವನ ದವಡಿ ಚೂರು ಚೂರು ಮಾಡತೇನಿ' ಎಂದು ಬರೆಯುವಾಗ ಮಾರ್ಕರಿನ ತುದಿ ಜಜ್ಜಿಹೋಯಿತು.

ತಾರಿಣಿ ಗೋಡೆಯನ್ನು ಮಾತ್ರ ನೋಡಿದಳು. ಫ್ಲಾಸ್ಕ್ ಕೂಡ ಕೆಳಗಿಡದೆ, ಅವನು ಬಾಗಿಲಲ್ಲೇ ಕೈಗಿತ್ತ ಕಟರನ್ನು ಕೋಟಿನ ಜೇಬಿನಲ್ಲೇ ಮರೆತು, ಲಿಫ್ಟಿಗೂ ಕಾಯದೆ ಇಳಿದುಹೋದಳು.

ಈಗ ಆ ಕಥೆ. ಐಸೆಲಿನ್ನಿನಲ್ಲಿ ಅವಳದೊಂದು ಸಂಸಾರವಿತ್ತು, ಹದಿನಾಲ್ಕು ತಿಂಗಳು. ಆ ಮನೆಯಲ್ಲೂ ಮೊದಲು ಗೋಡೆಗೇ ತೂತು ಬಿದ್ದದ್ದು. ಆಮೇಲೆ ಗಂಡ ಕಾರಿನ ಬಾಗಿಲಿಗೆ ಅವಳ ಎಡಗೈ ಕೊಟ್ಟು ಜಪ್ಪಿದ. ಮಣಿಕಟ್ಟು ಸೌದೆಯಂತೆ ಲಟಕ್ಕೆಂದಿತು. ಆಸ್ಪತ್ರೆಯಲ್ಲಿ ಗಂಡ ಪಕ್ಕದಲ್ಲೇ ನಿಂತಿದ್ದ. ಡಾಕ್ಟರಿಗೆ ಅವಳು ಹೇಳಿದ ಸಾಲು: ನಾನು ಮೆಟ್ಟಿಲಿಂದ ಬಿದ್ದೆ. ಊರಿನ ಕನ್ನಡದ ಆಂಟಿಯರು ಮನೆಗೆ ಬಂದು ಕಾಫಿ ಕುಡಿದು "ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ" ಎಂದರು. ಕನ್ನಡ ಬಾರದ ಊರು ಬೇಕೆಂದು ಪಾಲಿಸೇಡ್ಸ್ ಪಾರ್ಕಿಗೆ ಓಡಿ, ಕೊರಿಯನ್ ಬೇಕರಿಯ ಮೇಲಿನ ರೂಮು ಹಿಡಿದಳು. ಗಿರಾಕಿಗಳ ಬಾಯಿ ನೋಡಿ ನೋಡಿ ಭಾಷೆ ಕಲಿತಳು. ಕಲಿತ ಹತ್ತನೆಯ ಪದ 'ಚಾಮಾ'. ಅಂದರೆ ತಾಳಿಕೋ. ಆವತ್ತು ಬೇಕರಿಯ ಹಿಂದೆ ಕೂತು ಅತ್ತಿದ್ದಳು. ಆಂಟಿಯರು ಇಲ್ಲಿಗೂ ಬಂದುಬಿಟ್ಟಿದ್ದರು.

ಒಂಬತ್ತು ದಿನ ಅವಳು ಹೋಬೋಕನ್ನಿನ ಕಡೆ ತಲೆ ಹಾಕಲಿಲ್ಲ. ಅವನ ಮೆಸೇಜುಗಳನ್ನು ತೆರೆಯಲೂ ಇಲ್ಲ. ಹತ್ತನೆಯ ದಿನ ಚಳಿ ಮರಳಿತು. ಕೋಟು ಹಾಕಿಕೊಂಡು ಜೇಬಿಗೆ ಕೈಯಿಟ್ಟಾಗ ಕಟರ್ ಸಿಕ್ಕಿತು. ಅವನಿಗೆ ವಾಂತಿ ಬಂದಿದ್ದರೆ? ಕೆಲಸ ಬಿಟ್ಟು, ಎರಡು ರೆಡ್ ಲೈಟ್ ಹಾರಿಸಿ ಡ್ರೈವ್ ಮಾಡಿದಳು.

ಓಂಕಾರನ ಬಾಗಿಲ ಮುಂದೆ ಆಗಲೇ ಯಾರೋ ನಿಂತಿದ್ದರು. ಕಪ್ಪು ಕೋಟು, ಎರಡೂ ಕೈಯಲ್ಲಿ ಪೇರಳೆ ಹಣ್ಣಿನ ಪೆಟ್ಟಿಗೆ, ಹಣೆಯ ಮೇಲೆ ಏಳು ಹೊಲಿಗೆಯ ಗೆರೆ. ಮಿಸೆಸ್ ಹಾನ್ ಅವಳನ್ನು ಗುರುತು ಹಿಡಿದು ತಲೆ ಬಾಗಿಸಿದಳು.

ಬಾಗಿಲು ತೆರೆಯಿತು. ಓಂಕಾರ್ ಬದುಕಿದ್ದ. ಕೊರಳಲ್ಲಿ ದಾರ ಕಟ್ಟಿಕೊಂಡು, ಹಾರ್ಡ್‌ವೇರ್ ಅಂಗಡಿಯ ದಪ್ಪ ಕಟಿಂಗ್ ಪ್ಲೇಯರ್ ಒಂದನ್ನು ನೇತುಹಾಕಿಕೊಂಡಿದ್ದ. ತಾರಿಣಿಯ ದೃಷ್ಟಿ ಅದರ ಮೇಲೆ ಬಿದ್ದದ್ದೇ ಬೋರ್ಡ್ ಎತ್ತಿದ: 'ನಮ್ಮವ್ವ ನೋಡಿದ್ರ, ಲಿಂಗದ ಕರಡಿಗಿ ಇರೋ ಜಾಗದಾಗ ಇದೇನೋ ಅಂತಿದ್ಲು.' ಅವಳಿಗೆ ನಗು ಬರಲಿಲ್ಲ, ಅಳು ಬಂತು. ಅದನ್ನು ನುಂಗಿದಳು. ಆಗ ಗೋಡೆ ಕಂಡಿತು. ತೂತು ಹಾಗೆಯೇ ಇತ್ತು. ಕೆಳಗೊಂದು ಚೀಟಿ ಅಂಟಿಸಿದ್ದ, ಓನರಿಗೆಂದು ಇಂಗ್ಲಿಷಿನಲ್ಲಿ, ಅದರಡಿ ಕನ್ನಡದಲ್ಲಿ: 'ಇದು ತಾನಾಗಿ ಆದದ್ದಲ್ಲ. ನಾ ಗುದ್ದಿದ್ದು.'

ಅವಳು ಅದನ್ನು ಎರಡು ಸಲ ಓದಿದಳು.

ಅಷ್ಟರಲ್ಲಿ ಮಿಸೆಸ್ ಹಾನ್ ಚಪ್ಪಲಿ ಕಳಚಿ, ಹಣ್ಣಿನ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಬರಿ ನೆಲದ ಮೇಲೆ ಎರಡೂ ಮಂಡಿ ಊರಿದಳು. ಕೈ ಚಾಚಿ, ಹೊಲಿಗೆಯ ಹಣೆಯನ್ನು ಮರದ ಹಲಗೆಗೆ ಟಕ್ಕೆಂದು ತಾಗಿಸಿದಳು. ಮತ್ತೆ ತಾಗಿಸಿದಳು. ಮುಂದೊಂದು ಕಾಗದ ಸರಿಸಿ ಕೊರಿಯನ್ನಿನಲ್ಲಿ ಬೇಡಿಕೊಂಡಳು. ಕೊರಿಯಾದಲ್ಲಿ ಅದು ರೂಢಿ. ಹೊಡೆದವನ ಮನೆಯವರು ಬಂದು ಮಂಡಿಯೂರುತ್ತಾರೆ. ಏಟು ತಿಂದವರು ಕ್ಷಮಿಸಿದೆ ಎಂದು ಸಹಿ ಹಾಕಿದರೆ ನ್ಯಾಯಾಧೀಶರು ಶಿಕ್ಷೆ ಇಳಿಸುವುದುಂಟು.

ಓಂಕಾರ್ ತಾರಿಣಿಯತ್ತ ನೋಡಿದ.

"ನಾನು ಹೇಳಲ್ಲ" ಎಂದಳು ಅವಳು. "ತನ್ನನ್ನ ಹೊಡಿ, ಮಗನನ್ನ ಬಿಡು ಅಂತಿದಾಳೆ. ನೀವು ಸಹಿ ಮಾಡಿದ್ರೆ ಅವನು ನಾಳೆ ಇವಳ ತಲೆ ಒಡೀತಾನೆ. ನಾನು ಇದನ್ನ ಹೇಳಲ್ಲ."

ಅವನು ಬರೆದ: 'ಆಕಿ ಅಂದಂಗ ಹೇಳ್ರಿ. ನಾನು ಅಂತನ.'

ಇದುವರೆಗೆ ಅವಳು ಕೊರಿಯನ್ನಿನಿಂದ ಕನ್ನಡಕ್ಕೆ ಒಂದು ಮಾತನ್ನೂ ದಾಟಿಸಿರಲಿಲ್ಲ. ಇಂಗ್ಲಿಷಾಗಿದ್ದರೆ ಒಂದು 'ಸಾರಿ'ಯಲ್ಲಿ ಮುಗಿಯುತ್ತಿತ್ತು. ಕನ್ನಡದಲ್ಲಿ ಅವಳ ಅಜ್ಜಿಯ ಬಾಯಿಯೇ ಬಂತು. "ನಿಮ್ಮ ಕಾಲಿಗೆ ಬಿದ್ದೆ. ಮಗ ಮಾಡಬಾರದ್ದು ಮಾಡಿದ, ಹೊಟ್ಟೆಗೆ ಹಾಕ್ಕೊಳ್ಳಿ. ಹೊಡೀಬೇಕು ಅನ್ಸಿದ್ರೆ ನನ್ನ ಹೊಡೀರಿ. ನನಗೆ ಅಭ್ಯಾಸ ಆಗಿದೆ."

ಕೊನೆಯ ಸಾಲೂ ಮಿಸೆಸ್ ಹಾನ್ ಆಡಿದ ಮಾತೇ. ಒಂದು ಕೂಡಿಸಿರಲಿಲ್ಲ, ಒಂದು ಕಳೆದಿರಲಿಲ್ಲ.

ಓಂಕಾರನ ಬಲಗೈ ಮುಷ್ಟಿಯಾಯಿತು. ತಾರಿಣಿ ಬೆನ್ನನ್ನು ಬಾಗಿಲಿಗೆ ಒತ್ತಿಕೊಂಡು ನಿಂತಳು. ಇವನು ಈಗ ಏನು ಮಾಡುತ್ತಾನೋ ಅದನ್ನು ನೋಡಿ ತನ್ನ ಉಳಿದ ಬದುಕು ತೀರ್ಮಾನವಾಗುತ್ತದೆ ಎಂದು ಅವಳಿಗನಿಸಿತು.

ಅವನು ಮುಷ್ಟಿಯನ್ನು ನೋಡಿಕೊಂಡ. ನಿಧಾನವಾಗಿ ಬಿಚ್ಚಿದ. ಮುದುಕಿಯ ಎದುರಿಗೆ ತಾನೂ ಎರಡೂ ಮಂಡಿಯೂರಿ ಕೂತ. ಈಗ ಇಬ್ಬರಲ್ಲಿ ಮೇಲೆ ಯಾರೂ ಇರಲಿಲ್ಲ. ಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬರೆದ.

ತಾರಿಣಿ ಕನ್ನಡದಿಂದ ಕೊರಿಯನ್ನಿಗೆ ಓದಿದಳು. "ನನ್ನ ದವಡೆ ನನ್ನದು. ಅದನ್ನು ನಾನು ಕ್ಷಮಿಸುತ್ತೇನೆ, ಬರೆದೂ ಕೊಡುತ್ತೇನೆ. ಆದರೆ ನಿಮ್ಮ ಮೈಮೇಲೆ ಬಿದ್ದ ಏಟು ನನ್ನದಲ್ಲ. ಅದನ್ನು ಕ್ಷಮಿಸುವುದಕ್ಕೆ ನಾನು ಯಾರು? ಅದನ್ನು ನೀವು ಹೇಳಬೇಕು. ಮೆಟ್ಟಿಲಿಂದ ಬಿದ್ದೆ ಎನ್ನಬೇಡಿ."

ಮಿಸೆಸ್ ಹಾನ್ ತಲೆಯೆತ್ತಿದಳು. ಓಂಕಾರನನ್ನು ನೋಡಲಿಲ್ಲ, ತಾರಿಣಿಯನ್ನು ನೋಡಿದಳು. ಆಮೇಲೆ ಕೋಟಿನ ತೋಳು ಮೇಲೆಳೆದಳು. ಮೊಣಕೈವರೆಗೆ ಹಳದಿ, ಹಸಿರು, ಕಪ್ಪು. ಹಳೆಯದರ ಮೇಲೆ ಹೊಸದು. ತಾರಿಣಿ ಏನೂ ಯೋಚಿಸದೆ ತನ್ನ ಎಡತೋಳನ್ನು ಮೇಲೆಳೆದು, ಸೊಟ್ಟಗೆ ಕೂಡಿದ ಮಣಿಕಟ್ಟನ್ನು ಅದರ ಪಕ್ಕಕ್ಕೆ ಹಿಡಿದಳು. ಮುದುಕಿ ಆ ಮೂಳೆಯ ಮೇಲೆ ಹೆಬ್ಬೆರಳು ಆಡಿಸಿದಳು. ಅನುವಾದಕ್ಕೆ ಅಲ್ಲಿ ಕೆಲಸವಿರಲಿಲ್ಲ.

ಮುಂದಿನ ವಾರ ಅದೇ ಆಸ್ಪತ್ರೆಯಲ್ಲಿ ಮಿಸೆಸ್ ಹಾನ್ ತಾನಾಗಿಯೇ ಇಂಟರ್‌ಪ್ರಿಟರ್ ಬೇಕೆಂದು ಕೇಳಿದಳು. ಪೊಲೀಸ್ ಆಫೀಸರು ಪೆನ್ನು ಹಿಡಿದು ಕೂತರು. ತಾರಿಣಿ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಮೆಟ್ಟಿಲಿಂದ ಬೀಳಲಿಲ್ಲ. ನನ್ನ ಮಗ ನನ್ನನ್ನು ಹೊಡೆಯುತ್ತಾನೆ. ಬಹಳ ವರ್ಷದಿಂದ." ಹೇಳುತ್ತಿರುವಾಗ ಮಿಸೆಸ್ ಹಾನ್ ಅವಳ ಕೈ ಬಿಡಲಿಲ್ಲ.

ಎರಡು ಮಹಡಿ ಮೇಲೆ ಓಂಕಾರನ ತಂತಿ ತೆಗೆಯುತ್ತಿದ್ದರು. ಅವಳು ಮೆಟ್ಟಿಲಲ್ಲೇ ಹತ್ತಿದಳು, ಒಂದೊಂದನ್ನೇ. ಅವನು ಹೊರಬಂದ. ಮುಖ ಇಳಿದಿತ್ತು, ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು, ತುಟಿಯಂಚಲ್ಲಿ ಒಂದು ಹನಿ ರಕ್ತ.

"ನಾನು ಮೊದಲು" ಎಂದಳು ತಾರಿಣಿ. ಕರವಸ್ತ್ರದಿಂದ ಆ ಹನಿ ಒರೆಸಿದಳು. ಕೈ ಕೆಳಗಿಳಿಸಲಿಲ್ಲ. "ಆರು ವರ್ಷದ ಹಿಂದೆ ನಾನೂ ಒಬ್ಬ ಡಾಕ್ಟರಿಗೆ ಸುಳ್ಳು ಹೇಳಿದ್ದೆ. ಯಾರ ಮಾತನ್ನೂ ಅನುವಾದ ಮಾಡ್ತಿಲ್ಲ ಈಗ. ಇದು ನನ್ನದೇ. ನಾನು ಮೆಟ್ಟಿಲಿಂದ ಬಿದ್ದಿರಲಿಲ್ಲ, ಓಂಕಾರ್."

ಅವನು ಬಾಯಿ ತೆರೆಯಲು ಹೆಣಗಿದ. ಆರು ವಾರ ತುಕ್ಕು ಹಿಡಿದಿದ್ದ ದನಿ. ಗಿರ್ಮಿಟ್ ಎನ್ನಲಿಲ್ಲ.

"ಗೊತ್ತೈತಿ" ಎಂದ. ಸ್ವಲ್ಪ ಉಸಿರು ತೆಗೆದುಕೊಂಡು, ನೋವಿಗೆ ಕಣ್ಣು ಕಿರಿದು ಮಾಡಿಕೊಂಡು, "ಅವತ್ತ ನೀವು ಮಣಿಕಟ್ಟು ಮುಚ್ಚಿಕೊಂಡಾಗನ ಗೊತ್ತಾತು. ನೀವ ಹೇಳೂತನಕ ಕಾಯ್ದೆ."

ಕೊರಳಿನಿಂದ ಪ್ಲೇಯರಿನ ದಾರ ಬಿಚ್ಚಿ, ಇನ್ನು ಬೇಡವಾದ ಆ ಭಾರವನ್ನು ಎಂದಿನಂತೆ ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಅವಳು ಆ ಮುಷ್ಟಿಯನ್ನು ಅವನ ಎದೆಗೆ ಒತ್ತಿದಳು. ನೋವಾಗದಷ್ಟು ಮೆಲ್ಲಗೆ.