ಹದಿನೇಳನೆಯ ನಂಬರಿನ ಖಾಲಿ ಲಕೋಟೆ

ಸೋಮವಾರ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಠಾಣೆಗೆ ಬಂದ ವಕೀಲ, ಕುರ್ಚಿ ತೋರಿಸಿದರೂ ಕೂರಲಿಲ್ಲ. ದೂರನ್ನು ತಾನೇ ಬರೆದು ತಂದಿದ್ದ. ಸರ್ಕಾರದ ಪರವಾಗಿ ಅಪರಾಧ ಮೊಕದ್ದಮೆ ನಡೆಸುವ ಅಭಿಯೋಜಕರ ನೇಮಕಾತಿ ಪರೀಕ್ಷೆಯಲ್ಲಿ ತನ್ನ ಧ್ವನಿಮುದ್ರಣವನ್ನು ಯಾರೋ ಕದ್ದಿದ್ದಾರೆ. ಪರೀಕ್ಷಕರು ತೆರೆದಾಗ ಹದಿನೇಳನೆಯ ನಂಬರಿನ ಲಕೋಟೆ ಖಾಲಿ ಇತ್ತು. ತನಗೆ ಸೊನ್ನೆ ಅಂಕ ಬಿದ್ದಿದೆ.

ಇನ್ಸ್‌ಪೆಕ್ಟರ್ ಎರಡು ಸಲ ಓದಿದ. ಠಾಣೆಯವರು ಬೆನ್ನ ಹಿಂದೆ ಅವನಿಗಿಟ್ಟ ಹೆಸರು ಅನುಮಾನಪ್ಪ. ಸ್ವಂತ ಗಡಿಯಾರವನ್ನೂ ಗೋಡೆ ಗಡಿಯಾರದ ಜೊತೆ ತಾಳೆ ನೋಡದೆ ನಂಬುವ ಆಸಾಮಿಯಲ್ಲ.

"ನೀವು ಮುಂಚೆ ಸರ್ಕಾರಿ ವಕೀಲರೇ ಆಗಿದ್ರಿ ಅಲ್ವಾ?"

"ಹೌದು. ಏಳು ವರ್ಷ."

"ಪರೀಕ್ಷೆ ಬರೆದು?"

"ಆಗ ಪರೀಕ್ಷೆ ಎಲ್ಲಿತ್ತು ಸಾರ್?"

ಇರಲಿಲ್ಲ. ಗೆದ್ದ ಪಕ್ಷದ ಕಚೇರಿಯಿಂದ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿದ್ದವರು ಮರುದಿನವೇ ಕರಿ ಕೋಟು ತೊಟ್ಟು ಸರ್ಕಾರದ ಪರವಾಗಿ ನಿಲ್ಲುತ್ತಿದ್ದರು. ಯಾರು ಯಾರ ಭಾವಮೈದುನ ಅನ್ನುವುದೇ ಅರ್ಹತೆ. ಇನ್ಸ್‌ಪೆಕ್ಟರ್ ಹಗಲಿರುಳು ಅಲೆದು ಹಿಡಿದ ಕಳ್ಳರು, ಕೋರ್ಟಿನಿಂದ ಅವನಿಗಿಂತ ಮೊದಲೇ ಹೊರಬಂದು ನಮಸ್ಕಾರ ಹೇಳಿ ಹೋದದ್ದುಂಟು. ಈ ವರ್ಷ ಕಾನೂನು ಬದಲಾಯಿತು. ಅಭ್ಯರ್ಥಿ ಅಣಕು ಕೋರ್ಟಿನಲ್ಲಿ ಒಬ್ಬ ಸಾಕ್ಷಿಯನ್ನು ವಿಚಾರಣೆ ಮಾಡಬೇಕು. ಅದರ ಧ್ವನಿಮುದ್ರಣವನ್ನು ಬೇರೆ ಊರಿನ ಮೂವರು ನಿವೃತ್ತ ನ್ಯಾಯಾಧೀಶರು, ಹೆಸರು ಗೊತ್ತಿಲ್ಲದೆ, ಬರೀ ನಂಬರ್ ನೋಡಿ ಕೇಳಿ ಅಂಕ ಕೊಡಬೇಕು. ಪಕ್ಷದ ಕಚೇರಿಗೆ ಇದು ನುಂಗಲಾರದ ತುತ್ತು. ಶುಕ್ರವಾರದೊಳಗೆ ಮುದ್ರಣ ಸಿಗದಿದ್ದರೆ ಪರೀಕ್ಷೆ ರದ್ದಾಗಬೇಕು, ಹಳೆ ಪದ್ಧತಿಯೇ ಸರಿ ಎಂದು ಅವರು ಆಗಲೇ ಹೇಳಿಕೆ ಕೊಟ್ಟಾಗಿತ್ತು.

"ಪರೀಕ್ಷೆ ಕೆಡಿಸೋಕೆ ನೀವೇ ತೆಗೆಸಿಲ್ಲ ಅಂತ ನಾನು ಹೇಗೆ ನಂಬ್ಲಿ?"

ವಕೀಲನ ಮುಖ ಕೆಂಪಾಯಿತು. "ನನ್ನನ್ನ ಪಟ್ಟಿಗೆ ಸೇರಿಸಿದ್ದ ನಾಯಕರು ಸೋತು ಮನೇಲಿದಾರೆ. ಹಳೆ ಪದ್ಧತಿ ಬಂದ್ರೆ ನನ್ನನ್ನ ಯಾರೂ ಮೂಸಿ ನೋಡಲ್ಲ. ಆರು ತಿಂಗಳು ಹಗಲೂ ರಾತ್ರಿ ಓದಿದೀನಿ ಸಾರ್. ನನಗೆ ಉಳಿದಿರೋದು ಈ ಪರೀಕ್ಷೆ ಒಂದೇ."

ಕಳವಿನ ಕಲಮಿನಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ನೇಮಕಾತಿ ಕಚೇರಿಯಲ್ಲಿ ಪಂಚನಾಮೆ. ಇನ್ಸ್‌ಪೆಕ್ಟರ್ ಜೊತೆ ಬಂದ ಮಹಿಳಾ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಎಲ್ಲರೂ ಅಕ್ಕ ಅನ್ನುತ್ತಿದ್ದರು, ಅವಳಿಗಿಂತ ದೊಡ್ಡವರೂ. ಅಣಕು ಕೋರ್ಟೆಂದರೆ ಮೂರು ಮೇಜು, ಒಂದು ಮರದ ಕಟಕಟೆ, ಎರಡು ಮೈಕು. ಕಿಟಕಿಗಳಿಗೆ ಸದ್ದು ಬಾರದ ಹಾಗೆ ಕಂಬಳಿ ಹೊಡೆದಿದ್ದರು. ಲಕೋಟೆಯ ಅರಗು ಮುದ್ರೆ ಒಡೆದಿರಲಿಲ್ಲ, ಪರೀಕ್ಷಕರು ಪಕ್ಕದಂಚನ್ನು ಕತ್ತರಿಸಿ ತೆರೆದಿದ್ದರು.

"ಅಂದ್ರೆ ಮುದ್ರೆ ಒತ್ತೋ ಮೊದಲೇ ಖಾಲಿ," ಅಂದಳು ಅಕ್ಕ. "ಇಲ್ಲೇ, ಈ ಕೋಣೇಲೇ ಕೈಚಳಕ ಆಗಿದೆ."

ಧ್ವನಿಮುದ್ರಣದ ತಂತ್ರಜ್ಞ ಯುವಕನನ್ನು ಕೂರಿಸಿದರು. ಅವನ ಮಾವ ಪಕ್ಷದ ಕಚೇರಿಯ ಖಜಾಂಚಿ ಅಂತ ಅಕ್ಕ ಅಷ್ಟರಲ್ಲಿ ಪತ್ತೆ ಹಚ್ಚಿದ್ದಳು. ಇನ್ಸ್‌ಪೆಕ್ಟರನ ಹುಬ್ಬು ಮೇಲೇರಿತು.

"ಮಾವ ಏನು ಹೇಳಿಕೊಟ್ರು?"

"ಅಯ್ಯೋ, ಮಾವನಿಗೂ ನನಗೂ ಮಾತೇ ಇಲ್ಲ ಸಾರ್! ಅವರ ಮಗಳನ್ನ ಹೇಳದೆ ಕೇಳದೆ ಮದುವೆ ಆದವನು ನಾನು."

"ಮುದ್ರಣ ಇರೋ ಮೆಮೊರಿ ಚಿಪ್ಪನ್ನ ಲಕೋಟೆಗೆ ಹಾಕಿದ್ದು ಯಾರು?"

"ಮಿಷನ್ನಿಂದ ತೆಗೆಯೋನು ನಾನು. ಲಕೋಟೆಗೆ ಹಾಕೋದು ಸಾಕ್ಷಿ ಪಾತ್ರ ಮಾಡೋರು. ನಾನೊಬ್ಬನೇ ಏನೂ ಮಾಡಬಾರ್ದು ಅಂತ ನಿರ್ದೇಶಕಿ ಮೇಡಂ ಹಾಗೆ ನಿಯಮ ಮಾಡಿದ್ರು."

"ಹದಿನೇಳನೇ ನಂಬರಿಗೆ ಸಾಕ್ಷಿ ಯಾರು?"

"ಆ ಟೈಲರಮ್ಮ. ಅವರಿಗೆ ಆರು ಅಭ್ಯರ್ಥಿಗಳು ಸಿಕ್ಕಿದ್ರು. ಈ ವಕೀಲರೇ ಕೊನೆ." ಅವನು ತಡೆದ. "ಒಂದು ಮಾತು ಹೇಳ್ಲಾ ಸಾರ್? ನಾನು ಹೆಡ್‌ಫೋನ್ ಹಾಕ್ಕೊಂಡು ಕೇಳ್ತಿರ್ತೀನಲ್ಲ, ಇವರಷ್ಟು ಚೆನ್ನಾಗಿ ಯಾರೂ ಪ್ರಶ್ನೆ ಕೇಳ್ಲಿಲ್ಲ. ಮೆಟ್ಟಿಲ ಮೇಲೆ ದೀಪ ಇರಲಿಲ್ಲ, ಹಾಗಾದ್ರೆ ಕೊಲೆಗಾರನ ಗುರುತು ಹೇಗೆ ಸಿಕ್ತು ಅಂದ್ರು. ಅದಕ್ಕೆ ಬಟ್ಟೆ ನೋಡಿ ಅನ್ನಬೇಕು, ಟೈಲರಮ್ಮನಿಗೆ ಬರೆದುಕೊಟ್ಟಿರೋ ಉತ್ತರ ಅದು. ಉಳಿದವರ ಹತ್ರ ಅದನ್ನೇ ಹೇಳಿದ್ರು. ಇವರು ಕೇಳಿದಾಗ ಮಾತ್ರ, ಅವನ ಕೆಮ್ಮು ನನಗೆ ಗೊತ್ತು, ಐದು ವರ್ಷ ಪಕ್ಕದ ಮನೇಲಿದ್ದ ಅಂತ ಅತ್ತುಬಿಟ್ರು. ನಟನೆ ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಎದ್ದು ನೇಮಕಾತಿ ನಿರ್ದೇಶಕಿಯ ಕೋಣೆಗೆ ನಡೆದ. ಪರೀಕ್ಷೆಯ ರೂಪುರೇಷೆಯೆಲ್ಲ ಆಕೆಯದೇ. ಕಣ್ಣುಗಳು ನಿದ್ದೆಗೆಟ್ಟು ಊದಿಕೊಂಡಿದ್ದವು.

"ಸಾಕ್ಷಿ ಪಾತ್ರಕ್ಕೆ ಈ ಹೆಂಗಸನ್ನ ಎಲ್ಲಿಂದ ತಂದ್ರಿ ಮೇಡಂ?"

"ನಟರನ್ನ ಕರೆಸಿದ್ರೆ ನಟನೆ ಮಾಡ್ತಾರೆ. ನನಗೆ ನಿಜವಾದ ಹೆದರಿಕೆ ಬೇಕಿತ್ತು. ಹಿಂದೆ ನಿಜವಾಗ್ಲೂ ಕಟಕಟೆ ಹತ್ತಿದವರನ್ನೇ ಹುಡುಕಿ ಕರೆಸಿದೆ. ಅವರವರ ಕೇಸನ್ನೇ ಸ್ವಲ್ಪ ಬದಲಾಯಿಸಿ ಕತೆ ಮಾಡಿದೆ."

"ಈಕೆಯದು ಯಾವ ಕೇಸು?"

"ಅಣ್ಣನ ಕೊಲೆ. ಆರೋಪಿ ಬಿಡುಗಡೆ ಆದ."

"ಆ ಕೇಸು ನಡೆಸಿದ ಸರ್ಕಾರಿ ವಕೀಲ ಯಾರು?"

ನಿರ್ದೇಶಕಿ ಗಣಕಯಂತ್ರದ ಕಡೆ ತಿರುಗಿದಳು. ಹಳೆ ದಾಖಲೆ ಹುಡುಕಿದಳು. ತೆರೆಯ ಮೇಲೆ ಮೂಡಿದ್ದು ದೂರು ಕೊಟ್ಟ ವಕೀಲನ ಹೆಸರು.

"ಪರೀಕ್ಷಕರಿಗೂ ಸಾಕ್ಷಿಗಳಿಗೂ ಅಭ್ಯರ್ಥಿಗಳ ಜೊತೆ ನೆಂಟಸ್ತಿಕೆ ಇದೆಯಾ ಅಂತ ಮೂರು ಸಲ ನೋಡಿದ್ವಿ. ಸಿಟ್ಟಿದೆಯಾ ಅಂತ ಯಾರೂ ನೋಡ್ಲಿಲ್ಲ," ಅಂದಳು ಮೆಲ್ಲಗೆ.

ವಶೀಲಿಯನ್ನು ತಡೆಯಲು ಎಷ್ಟೆಲ್ಲ ಬೇಲಿ ಹಾಕಿದ್ದರು! ಬೇಲಿ ಹಾಕಿದವರ ಕಣ್ಣಿಗೆ ಬಿದ್ದದ್ದು ಬೇಕಾದವರು ಮಾತ್ರ. ನೊಂದವರೂ ಒಳಗೆ ಬರಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಮಂಗಳವಾರ ಬೆಳಗ್ಗೆ ಇಬ್ಬರೂ ಹೊಲಿಗೆ ಅಂಗಡಿಗೆ ಹೋದರು. ಶಾಲೆ ಸಮವಸ್ತ್ರಗಳ ರಾಶಿ, ಕಾಲಿಡಲೂ ಜಾಗವಿಲ್ಲ. ಹೆಂಗಸು ಕಾಲರಿಗೆ ಹೊಲಿಗೆ ಹಾಕುತ್ತಿದ್ದಳು. ಪೊಲೀಸರನ್ನು ನೋಡಿ ಬೆಚ್ಚಲಿಲ್ಲ, ಹೊಲಿಗೆಯ ಸಾಲು ಮುಗಿಸಿಯೇ ತಲೆ ಎತ್ತಿದಳು.

"ಹುಡುಕಬೇಡಿ, ಬಟ್ಟೆ ಮಡಿಕೆಯೆಲ್ಲ ಹಾಳಾಗುತ್ತೆ," ಅಂದು ಗುಂಡಿಗಳ ಡಬ್ಬಿಯಿಂದ ಉಗುರಿನಷ್ಟು ಅಗಲದ ಚಿಪ್ಪು ತೆಗೆದು ಅಕ್ಕನ ಅಂಗೈಗೆ ಇಟ್ಟಳು.

"ಯಾಕಮ್ಮ ಹೀಗೆ ಮಾಡಿದ್ರಿ?" ಅಕ್ಕ ಕೇಳಿದಳು.

"ನಮ್ಮಣ್ಣನ ಕೇಸಲ್ಲಿ ಈ ಮನುಷ್ಯ ನನ್ನ ಹೆಸರು ಕೇಳ್ದ, ಏನು ನೋಡ್ದೆ ಅಂತ ಕೇಳ್ದ, ಕೂತ್ಕೊಂಡ. ಆ ಕಡೆ ವಕೀಲ ಎದ್ದು, ಕತ್ತಲು ಇತ್ತಾ ಇಲ್ವಾ, ಅಷ್ಟೇ ಹೇಳು ಅಂದ. ಇತ್ತು ಅಂದೆ. ಕೆಮ್ಮು ಕೇಳಿಸ್ತು ಅಂತ ಹೇಳೋಕೆ ಬಾಯಿ ತೆಗೆದ್ರೆ ಸಾಕು ಇಳಿ ಅಂದ್ರು. ನಾನು ಇವನ ಮುಖ ನೋಡಿದೆ. ಇವನು ಗಡಿಯಾರ ನೋಡ್ತಿದ್ದ." ಅವಳು ಕಾಲರನ್ನು ಮಡಿಲಿಗೆ ಎಳೆದುಕೊಂಡಳು. "ಪರೀಕ್ಷೇಲಿ ಎಷ್ಟು ಚೆನ್ನಾಗಿ ಕೇಳ್ದ ಗೊತ್ತಾ ಅಕ್ಕಾ? ಅವಸರ ಇಲ್ಲಮ್ಮ, ನೀರು ಕುಡೀರಿ, ನಿಧಾನಕ್ಕೆ ಹೇಳಿ ಅಂದ. ನನ್ನ ಗುರುತೂ ಸಿಗಲಿಲ್ಲ ಅವನಿಗೆ. ಕೆಲಸ ಸಿಗುತ್ತೆ ಅಂದಾಗ ಕೇಳೋಕೆ ಬರುತ್ತೆ, ನಮ್ಮಣ್ಣ ಸತ್ತಾಗ ಬರಲಿಲ್ವಾ? ಹೊಟ್ಟೆ ಉರಿದುಹೋಯ್ತು."

"ಮುರಿದು ಬಿಸಾಕಬಹುದಿತ್ತಲ್ಲ?" ಅಂದ ಇನ್ಸ್‌ಪೆಕ್ಟರ್. ಅನುಮಾನ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಕೈ ಬರಲಿಲ್ಲ ಸಾರ್. ನಮ್ಮಣ್ಣನ ಸಾವಿನ ಬಗ್ಗೆ ಸರಿಯಾಗಿ ವಿಚಾರಿಸಿರೋದು ಅದೊಂದರಲ್ಲೇ."

ಜಪ್ತಿ ಪಂಚನಾಮೆ ಬರೆದು ಅವಳನ್ನು ಠಾಣೆಗೆ ಕರೆತಂದರು. ಮುದ್ರಣ ಗುರುತಿಸಲು ವಕೀಲನಿಗೂ ಹೇಳಿಕಳಿಸಿದರು. ಅವನು ಓಡೋಡಿ ಬಂದ. ತನ್ನ ದನಿ ಕೇಳಿದೊಡನೆ ಮುಖ ಅರಳಿತು.

"ಕದ್ದಿದ್ದು ಸಾಕ್ಷಿ ಹೆಂಗಸು," ಅಂದ ಇನ್ಸ್‌ಪೆಕ್ಟರ್. "ಅವರಣ್ಣನ ಕೊಲೆ ಕೇಸು ನೀವೇ ನಡೆಸಿದ್ದು. ನೆನಪಿದೆಯಾ?"

ವಕೀಲ ಯೋಚಿಸಿದ. ನೆನಪು ಬರಲು ಹೊತ್ತು ಹಿಡಿಯಿತು. ಬಂದಾಗ, ಅಷ್ಟು ಹೊತ್ತೂ ನಿಂತೇ ಇದ್ದವನು ಕುರ್ಚಿ ಎಳೆದುಕೊಂಡು ಕೂತ.

"ಆಗ ಫೈಲು ಓದ್ತಿರಲಿಲ್ಲ ಸಾರ್. ಓದಿದೀಯಾ ಅಂತ ಕೇಳೋರು ಯಾರಿದ್ರು?" ದೂರಿನ ಪ್ರತಿಯತ್ತ ಕೈ ಚಾಚಿ ಅಂದ, "ದೂರು ವಾಪಸ್ ತಗೋತೀನಿ."

"ತಗೊಂಡ್ರೆ ಚಿಪ್ಪು ಎಲ್ಲಿ ಸಿಕ್ತು ಅಂತ ಏನು ಬರೀಲಿ? ಇದನ್ನ ಮುಚ್ಚಿದ್ರೆ ಪರೀಕ್ಷೇಲಿ ಗೋಲ್‌ಮಾಲ್ ನಡೆದಿದೆ ಅಂತಾರೆ. ಹಳೆ ಪಟ್ಟಿ ಮತ್ತೆ ಬರುತ್ತೆ."

ವಕೀಲ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡ. ಮುದ್ರಣ ತನ್ನದೇ ಎಂಬ ಹೇಳಿಕೆಗೆ ಸಹಿ ಹಾಕಿದ. ಹೊರಗೆ ಹೋಗುವಾಗ ಬೆಂಚಿನ ಮೇಲಿದ್ದ ಹೆಂಗಸಿನ ಮುಂದೆ ನಿಂತ. ಏನೋ ಹೇಳಹೋದ. ಅವಳು ಮುಖ ಗೋಡೆಗೆ ತಿರುಗಿಸಿದಳು.

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಇನ್ಸ್‌ಪೆಕ್ಟರ್ ಕೃತ್ಯದ ಉದ್ದೇಶವನ್ನು ಬರೆದು ಅವಳಿಗೆ ಓದಿ ಹೇಳಿದ: ಆರೋಪಿಗೆ ಯಾವುದೇ ಪಕ್ಷದ ಕುಮ್ಮಕ್ಕು ಇರಲಿಲ್ಲ, ಅಣ್ಣನ ಕೊಲೆ ಮೊಕದ್ದಮೆಯಲ್ಲಿ ಸರ್ಕಾರಿ ವಕೀಲರು ತೋರಿದ ಉದಾಸೀನದಿಂದ ನೊಂದಿದ್ದಳು. ಅವಳು ಸರಿ ಅಂತ ತಲೆಯಾಡಿಸಿ ಸಹಿ ಹಾಕಿದಳು.

"ಸಾರ್, ನನ್ನ ಕೇಸು ನಡೆಸೋದು ಪರೀಕ್ಷೆ ಪಾಸಾದೋರೇನಾ?"

"ಹೌದಮ್ಮ. ದೂರು ಕೊಟ್ಟೋರಲ್ಲ, ಬೇರೆಯವರು."

"ಅವರು ಎಲ್ಲಾ ಓದ್ಕೊಂಡು ಬರ್ತಾರಾ?"

"ಬರ್ತಾರೆ."

"ಹಾಗಾದ್ರೆ ನನಗೆ ಶಿಕ್ಷೆ ಆಗುತ್ತೆ."

ಇನ್ಸ್‌ಪೆಕ್ಟರ್ ಸುಳ್ಳು ಹೇಳಲಿಲ್ಲ. "ಆಗಬಹುದು," ಅಂದ.

"ಆಗ್ಲಿ ಬಿಡಿ ಸಾರ್," ಅಂದಳು ಅವಳು. "ಯಾರಿಗಾದ್ರೂ ಒಬ್ಬರಿಗೆ ಆಗ್ಲಿ."