ಬೂದು ರಟ್ಟಿನ ಪುಸ್ತಕ

ಬೇಸ್‌ಬಾಲ್ ಬಾಜಿಯ ಮೇಲೆ ಒಂದು ಪುಸ್ತಕ ಆರಿಸುವುದು ಹುಡುಗಾಟವಲ್ಲ, ಸ್ವಾಮಿ. ಹೆಣ್ಣು ಆರಿಸುವುದಕ್ಕಿಂತ, ಹೆಣಕ್ಕೆ ಜಾಗ ಆರಿಸುವುದಕ್ಕಿಂತ ಗಂಭೀರವಾದ ಕೆಲಸ.

ಇದು ಪಿಟ್ಸ್‌ಬರ್ಗಿನಲ್ಲಿ ಎಲ್ಲರಿಗೂ ಗೊತ್ತಿಲ್ಲ. ನನ್ನ ಬಲಗೈಗೆ ಗೊತ್ತು.

ಎಮಿಲ್ ಹ್ರಾಬಾಕ್ ಬೂದು ರಟ್ಟಿನ ಪುಸ್ತಕಕ್ಕೆ ಕೈ ಚಾಚಿದಾಗ ಗಸ್‌ನ ಕಾರು ಅಂಗಡಿಯ ಎದುರಿಗೇ ನಿಂತಿತ್ತು. ಎಂಜಿನ್ ಆರಿಸಿರಲಿಲ್ಲ.

ಮುಟ್ಟಬೇಡ ಎಮಿಲ್... ಅಂದುಕೊಂಡೆ.

ಮುಟ್ಟಿದ!

ಊರಿನ ಬಾಜಿಯೆಲ್ಲ ಸಬಟೆಲ್ಲಿಯ ಮುಷ್ಟಿಯಲ್ಲಿತ್ತು. ಅವನ ಸಂಬಳದಲ್ಲಿ ನನಗಿದ್ದ ಕೆಲಸ ಒಂದೇ: ಫೆನ್ನರ್ ಮುದುಕನ ಹಳೆ ಪುಸ್ತಕದಂಗಡಿಯಲ್ಲಿ ನಿಂತು, ಯಾರು ಯಾವ ಪುಸ್ತಕ ಕೊಳ್ಳುತ್ತಾರೆಂದು ನೋಡುವುದು. ಮಿಂಚುವ ಹೊದಿಕೆಯ ಪುಸ್ತಕಗಳು ಅಲ್ಲಿ ಕಂತೆಗಟ್ಟಲೆ ಇದ್ದವು. ಮುಖಪುಟದಲ್ಲಿ ಚಿನ್ನದ ಗಡಿಯಾರ ಕಟ್ಟಿದವನೊಬ್ಬ ಹಲ್ಲು ಕಿರಿಯುತ್ತಿದ್ದ. ಒಳಗೆ ಇದ್ದದ್ದು, ದಿನಾ ಆಡಿ ದಿನಾ ಗೆಲ್ಲಿ ಎಂಬ ಉಪದೇಶ. ಅದನ್ನು ಕೊಂಡವನು ಒಳ್ಳೆಯ ಗಿರಾಕಿ. ಅಂಥವನ ಮನೆಗೆ ಸಬಟೆಲ್ಲಿ ಕ್ರಿಸ್‌ಮಸ್ಸಿಗೆ ಹಂದಿಯ ತೊಡೆ ಕಳಿಸುತ್ತಿದ್ದ.

ಬೂದು ರಟ್ಟಿನದು ಒಂದೇ ಪ್ರತಿ. ಚಿತ್ರವಿಲ್ಲ, ಬಣ್ಣವಿಲ್ಲ. ಯಾವ ಮೈದಾನದಲ್ಲಿ ಗಾಳಿ ಯಾವ ಕಡೆಗೆ, ಚೆಂಡೆಸೆಯುವವನ ತೋಳು ದಣಿಯುವುದು ಯಾವಾಗ, ಬಾಜಿಯ ದರದೊಳಗೆ ಮೋಸ ಎಲ್ಲಿ ಅಡಗಿ ಕೂತಿದೆ... ಅಧ್ಯಾಯ ಮುಗಿದಲ್ಲೆಲ್ಲ ಒಂದೇ ಮಾತು: ಇವತ್ತು ಆಡಬೇಡ, ಕಾದಿರು. ಅದನ್ನು ಕೊಂಡವನ ಹೆಸರನ್ನು ನಾನು ಸಬಟೆಲ್ಲಿಯ ಬಂಟ ಗಸ್‌ಗೆ ಹೇಳಬೇಕು. ಆಮೇಲೆ ಗಸ್ ಅವನ ಬೆರಳುಗಳನ್ನು ವಿಚಾರಿಸಿಕೊಳ್ಳುತ್ತಿದ್ದ.

ಎಮಿಲ್‌ನ ಬೆರಳುಗಳಲ್ಲಿ ಮುರಿಯಲು ಹೊಸ ಜಾಗವೇ ಇರಲಿಲ್ಲ. ಉಕ್ಕಿನ ಕಾರ್ಖಾನೆಯ ತಂಡದಲ್ಲಿ ನಾನು ಚೆಂಡೆಸೆಯುತ್ತಿದ್ದೆ. ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಹಿಡಿಯುತ್ತಿದ್ದ. ಅವನ ಕೈಯ ಒಂದೊಂದು ಸೊಟ್ಟೂ ನನ್ನ ಕೊಡುಗೆ. ಒಮ್ಮೆಯೂ ದೂರಲಿಲ್ಲ.

ಕಾರ್ಖಾನೆ ಮುಚ್ಚಿತು. ಅವನು ದಿನಾ ಬಾಜಿ ಕಟ್ಟಿ ರೇಡಿಯೋ ಮುಂದೆ ಕೂತ. ನಾನು ಸಬಟೆಲ್ಲಿಯ ಬಾಗಿಲಲ್ಲಿ ನಿಂತೆ.

"ಟೋಬಿನ್, ನೀನಿದ್ದಿದ್ದು ಒಳ್ಳೇದಾಯ್ತು ಕಣೋ." ಎಮಿಲ್‌ನ ಒಂದು ಕೈಯಲ್ಲಿ ಬೂದು, ಇನ್ನೊಂದರಲ್ಲಿ ಮಿಂಚು. "ಇದ್ರಲ್ಲಿ ಉಪಯೋಗಕ್ಕೆ ಬರೋದು ಯಾವ್ದು?"

"ಇರ್ಮಾ ಮಾಡೋ ಸೂಪು. ಮನೆಗೆ ಹೋಗಿ ಕುಡಿ."

ಅವನು ನಗಲಿಲ್ಲ. ದನಿ ತಗ್ಗಿಸಿ ಹೇಳಿದ. ಹೆಂಡತಿ ಇರ್ಮಾ ಪೆಟ್ಟಿಗೆ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಾಳಂತೆ. ಬಾಜಿಯನ್ನು ಪೂರ್ತಿ ಬಿಡು ಎಂದು ಅವಳು ಕೇಳುತ್ತಿಲ್ಲ. ದಿನಾ ಆಡುವುದನ್ನು ಬಿಡು, ಇಲ್ಲದಿದ್ದರೆ ಈರಿ ಪಟ್ಟಣದಲ್ಲಿರುವ ತಂಗಿಯ ಮನೆಗೆ ಹೊರಟೆ ಅಂದಿದ್ದಾಳೆ.

"ಯಾವತ್ತು ಆಡಬಾರ್ದು ಅಂತ ಯಾರಾದ್ರೂ ಹೇಳ್ಕೊಡಬೇಕು ಕಣೋ. ನನ್ನ ಕೈಲಿ ಆಗ್ತಿಲ್ಲ."

ಹೊರಗೆ ಕಾರಿನ ಬಾಗಿಲು ಸದ್ದು ಮಾಡಿತು.

ಬೂದು ಪುಸ್ತಕವನ್ನು ಅವನ ಕೋಟಿನೊಳಕ್ಕೆ ತುರುಕಿದೆ. ಮಿಂಚಿನದನ್ನು ನನ್ನ ಕೋಟಿನೊಳಕ್ಕೆ. ಫೆನ್ನರ್‌ಗೆ ದುಡ್ಡು ಕೊಟ್ಟು ಹಿಂಬಾಗಿಲಿಂದ ಹೋಗು, ಕೊನೆಯ ಪುಟದವರೆಗೂ ಓದು ಎಂದು ಅವನನ್ನು ತಳ್ಳಿದೆ.

ಗಸ್ ಒಳಗೆ ಬಂದ. ಕಪಾಟಿನಲ್ಲಿ ಬೂದು ಪುಸ್ತಕವಿದ್ದ ಖಾಲಿ ಜಾಗ ನೋಡಿದ. ಉಬ್ಬಿದ ನನ್ನ ಕೋಟು ನೋಡಿದ.

"ಏನೋ, ನೀನೂ ಓದೋಕೆ ಶುರು ಮಾಡ್ಬಿಟ್ಯಾ?"

ಓಡಿದೆ!

ಗಲ್ಲಿ ದಾಟಿದೆ. ಗುಡ್ಡದಿಂದ ಹೊಳೆಯ ಕಡೆಗಿಳಿಯುವ ಮೆಟ್ಟಿಲು ಸಾಲಿಗೆ ಬಿದ್ದೆ. ಹಿಂದೆ ಗಸ್‌ನ ಬೂಟು... ಧಡ್, ಧಡ್... ಮನುಷ್ಯನಲ್ಲ, ಬೀರು ಉರುಳಿ ಬರುತ್ತಿರುವ ಹಾಗೆ! ಎಮಿಲ್ ಬಸ್ಸು ಹತ್ತುವಷ್ಟು ಹೊತ್ತು ಓಡಿಸಿದರೆ ಸಾಕಿತ್ತು. ಓಡಿಸಿದೆ. ಆಮೇಲೆ ನನ್ನ ಮೊಣಕಾಲು ಕೈಕೊಟ್ಟಿತು.

ಗಸ್ ನನ್ನ ಕೋಟು ಸರಿಸಿದ. ಗಡಿಯಾರದವನು ಹಲ್ಲು ಕಿರಿದ.

"ಇದಕ್ಕಾ ಓಡಿದ್ದು?" ಗಸ್‌ಗೆ ನಿಜಕ್ಕೂ ಬೇಸರವಾಗಿತ್ತು. "ಬೂದುದು ಯಾರ ಹತ್ರ ಇದೆ?"

ಗೊತ್ತಿಲ್ಲ ಅಂದೆ. ಅವನು ನನ್ನ ಬಲಗೈಯನ್ನು ಮೆಟ್ಟಿಲಿನ ಕಬ್ಬಿಣದ ಕಂಬಿಯ ಮೇಲಿಟ್ಟ. ಒಂದು ಬೆರಳಾಯಿತು. ಮತ್ತೆ ಕೇಳಿದ. ಮತ್ತೆ ಗೊತ್ತಿಲ್ಲ ಅಂದೆ. ಇನ್ನೊಂದಾಯಿತು. ಮೂರನೆಯ ಸಲ ಅವನು ಕೇಳಲಿಲ್ಲ. ಅವನಿಗೂ ಊಟದ ಹೊತ್ತಾಗಿತ್ತು. ಇನ್ನು ಸಬಟೆಲ್ಲಿಯ ಕಡೆ ತಲೆ ಹಾಕಬೇಡ ಎಂದು ಹೇಳಿ, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಹೋದ.

ಎಲೆಗಳು ಕೆಂಪಾಗುವ ಹೊತ್ತಿಗೆ ಎಮಿಲ್‌ನ ಮನೆಗೆ ಹೋದೆ. ಮೊದಲು ಬಾಗಿಲ ಹಿಂದೆ ನೋಡಿದೆ.

ಪೆಟ್ಟಿಗೆ ಇರಲಿಲ್ಲ. ಬಿಚ್ಚಿ ಒಳಗಿಟ್ಟಳು ಅಂದುಕೊಂಡೆ. ಎದೆ ಹಗುರಾಯಿತು...

ಅಡುಗೆಮನೆಯಲ್ಲಿ ಸೂಪಿನ ಪಾತ್ರೆ ಬೋರಲು ಮಲಗಿತ್ತು. ಮೇಜಿನ ಮೇಲೆ ರೇಡಿಯೋ, ಚಮಚ ನೆಟ್ಟ ಬೀನ್ಸ್ ಡಬ್ಬ. ಪಕ್ಕದಲ್ಲಿ ಗಡಿಯಾರದವನು!

"ಬೂದುದೆಲ್ಲಿ?"

"ಫೆನ್ನರ್ ಹತ್ರ ಬದಲಾಯಿಸ್ಕೊಂಡೆ. ಅದೂ ಒಂದು ಬಾಜಿ ಪುಸ್ತಕನೇನೋ? ಯಾವ ಪುಟ ತೆಗೆದ್ರೂ ಆಡಬೇಡ, ಆಡಬೇಡ. ಅಷ್ಟು ಹೇಳೋಕೆ ಮನೇಲಿ ಇರ್ಮಾನೇ ಇದ್ಲಲ್ಲ."

ಇದ್ಲು. ಆ ಮಾತು ಅವನಿಗೂ ಕೇಳಿಸಿತು. ರೇಡಿಯೋದ ಸದ್ದು ತಗ್ಗಿಸಿದ. ಆರಿಸಲಿಲ್ಲ.

ಆಮೇಲೆ ನನ್ನ ಕೈಗೆ ಸುತ್ತಿದ ಪಟ್ಟಿ ಕಣ್ಣಿಗೆ ಬಿತ್ತು. ಕಾರಿನ ಬಾಗಿಲಿಗೆ ಸಿಕ್ಕಿತು ಅಂದೆ. ಅವನು ಆ ಕೈಯನ್ನು ತನ್ನ ಸೊಟ್ಟ ಬೆರಳುಗಳ ನಡುವೆ ಹಿಡಿದ. ಅವನು ಹಿಡಿದದ್ದು ಜಾರಿದ್ದನ್ನು ನಾನು ಕಂಡವನಲ್ಲ.

"ಮುರಿಯೋದಿದ್ರೆ ಹಿಡಿಯೋನ ಬೆರಳು ಮುರೀಬೇಕು ಕಣೋ. ಎಸೆಯೋನದಲ್ಲ."

ಬೂದು ಪುಸ್ತಕ ಈಗಲೂ ಫೆನ್ನರ್ ಅಂಗಡಿಯಲ್ಲಿದೆ. ಹೋದಷ್ಟೇ ಬೇಗ ವಾಪಸ್ ಬರುತ್ತದಂತೆ. ಅದನ್ನು ಕಾಯಲು ಆಳಿಡುವುದು ದಂಡದ ಖರ್ಚೆಂದು ಸಬಟೆಲ್ಲಿ ನನ್ನ ಜಾಗಕ್ಕೆ ಯಾರನ್ನೂ ಹಾಕಲಿಲ್ಲ.

ನನ್ನ ಬೆರಳುಗಳು ಕೂಡಿಕೊಂಡವು, ಸೊಟ್ಟಗೆ. ಇರ್ಮಾ ಈರಿಯಲ್ಲೇ ಇದ್ದಾಳೆ.