ಬಿಸಿಲಿನ ಕಡೆಯ ಸೀಟು

ಆರು ವರ್ಷದ ಹಿಂದೆ ಹೇಮಾವತಿ ಮಗಳಿಗೆ ಮಾತು ಕೊಟ್ಟಿದ್ದಳು. ಇನ್ನು ಮೇಲೆ ಬಸ್ಸಿನಲ್ಲಿ ಯಾರ ಕಡೆಗೂ ಬೆರಳು ತೋರಿಸುವುದಿಲ್ಲ. ಕಣ್ಣಿಗೆ ಏನೇ ಬೀಳಲಿ, ಬಾಯಿ ಬಿಡುವುದಿಲ್ಲ.

ಆ ಮಾತಿಗೆ ಕುತ್ತು ಬಂದದ್ದು ಸೋಮವಾರ ಬೆಳಿಗ್ಗೆ ಎಂಟೂ ಕಾಲಿಗೆ, ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ.

“ಅಯ್ಯೋ! ನನ್ನ ಮಾರ್ಕ್ಸ್ ಕಾರ್ಡು!”

ಕಿರುಚಿದ್ದು ಪಲ್ಲವಿ. ತಾಳ್ಯದ ಹುಡುಗಿ, ದುರ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸ. ದಿನಾ ಇದೇ ಬಸ್ಸು. ಅಲ್ಲಿಯವರೆಗೆ ನಿಂತಿದ್ದವಳಿಗೆ ಆಗಷ್ಟೇ ಸೀಟು ಸಿಕ್ಕಿತ್ತು. ಬಲಗಡೆಯ ನಾಲ್ಕನೇ ಸೀಟಿನ ಪಾರ್ವತಮ್ಮನ ತೊಡೆಯಿಂದ ತನ್ನ ಬ್ಯಾಗನ್ನು ವಾಪಸ್ ಪಡೆದು, ಇನ್ನೊಂದು ಸಲ ನೋಡೋಣವೆಂದು ತೆರೆದಿದ್ದಳು. ನೀಲಿ ಪ್ಲಾಸ್ಟಿಕ್ ಫೈಲು ಇತ್ತು. ಒಳಗೆ ಹಳೇ ಪೇಪರು. ಹತ್ತನೇ ತರಗತಿಯಿಂದ ಡಿಗ್ರಿಯವರೆಗೆ ಒಂದೂ ಅಂಕಪಟ್ಟಿ ಇರಲಿಲ್ಲ.

“ಹತ್ತೂವರೆಗೆ ಸರ್ಕಾರಿ ಕೆಲಸಕ್ಕೆ ಒರಿಜಿನಲ್ ತೋರಿಸ್ಬೇಕು,” ಎಂದಳು ಪಲ್ಲವಿ. “ಇರೋದು ಒಂದೇ ಪೋಸ್ಟು. ತೋರಿಸ್ಲಿಲ್ಲ ಅಂದ್ರೆ ಎರಡನೇ ನಂಬರಿನೋರಿಗೆ ಹೋಗ್ತದೆ.”

“ಮನೇಲಿ ಬಿಟ್ಟು ಬಂದಿರ್ತೀಯ ನೋಡಮ್ಮ,” ಎಂದ ಕಂಡಕ್ಟರ್ ರಾಜಕುಮಾರ್.

“ಇಲ್ಲ ಸರ್. ಬಸ್ ಹತ್ತೋ ಮುಂಚೆ ನೋಡೀನಿ. ಎಲ್ಲಾ ಇತ್ತು.”

ಹೇಮಾವತಿ ಒಂದು ಕಣ್ಣು ತೆರೆದಳು. ನಾಲ್ಕೂವರೆಗೆ ಎದ್ದು, ಇಬ್ಬರು ಮಕ್ಕಳ ಡಬ್ಬಿ ಕಟ್ಟಿ, ಒಬ್ಬನ ಕಾಣೆಯಾದ ಸಾಕ್ಸ್ ಹುಡುಕಿ ಬಂದವಳು. ದಿನದಲ್ಲಿ ಅವಳದು ಅಂತ ಇದ್ದದ್ದು ಈ ಬಸ್ಸಿನ ಒಂದು ಗಂಟೆ. ಅದಕ್ಕೂ ಕಲ್ಲು ಬಿತ್ತು.

ಕಣ್ಣು ಮುಚ್ಚಿಕೊಂಡಳು. ನನಗೇಕೆ ಊರ ಉಸಾಬರಿ?

*

ಬಸ್ಸಿನವರಿಗೆ ಕಳ್ಳ ಬೇಕಿತ್ತು. ಎರಡೇ ನಿಮಿಷಕ್ಕೆ ಸಿಕ್ಕಿದ.

“ಹೋಲ್ಡಾನ್! ಇಳೀಬೇಕು,” ಎಂದು ಹೂವಿನ ಜುಂಜೇಶ ಬುಟ್ಟಿ ಹೊತ್ತು ಬಾಗಿಲ ಕಡೆ ನುಗ್ಗಿದ.

“ಓಡಾಕೆ ನೋಡ್ತಾನೆ, ಹಿಡೀರಿ!” ಎಂದು ಗುರುರಾಜ್ ಕೂಗಿದ. ದುರ್ಗದಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು ಅವನು. ಬಸ್ಸಿಗೆಲ್ಲ ಬೇಕಾದವನು.

ಯಾರೋ ಬುಟ್ಟಿ ಕಿತ್ತರು. ಸೇವಂತಿಗೆ ಸೀಟಿನಡಿ, ಚಪ್ಪಲಿಯಡಿ ಉರುಳಿತು.

“ಹುಡುಕ್ರಿ, ಚೆನ್ನಾಗಿ ಹುಡುಕ್ರಿ,” ಎಂದ ಜುಂಜೇಶ. “ನಮ್ಮ ಹೊಲ್ದಾಗೆ ಸೇವಂತಿಗೆ ಗಿಡಕ್ಕೆ ಮಾರ್ಕ್ಸ್ ಕಾರ್ಡೇ ಬಿಡ್ತಾವೆ. ನಾನು ದಿನಾ ಇಳಿಯೋ ಸ್ಟಾಪು ಇದೇ ಕಣ್ರಪ್ಪ!”

“ಸ್ಟೇಷನ್‌ಗೆ ಒಯ್ಯಾಣ. ಅಲ್ಲಿ ಬಾಯಿ ಬಿಡ್ತಾನೆ,” ಎಂದ ಗುರುರಾಜ್.

ಜುಂಜೇಶನ ಮುಖ ನೋಡಿದ ಹೇಮಾವತಿಗೆ ಓಬಳೇಶಪ್ಪನ ಮುಖ ಕಂಡಿತು. ಆರು ವರ್ಷದ ಹಿಂದೆ ಇದೇ ಬಸ್ಸಿನಲ್ಲಿ ಒಬ್ಬರ ಫೋನು ಕಾಣೆಯಾಗಿತ್ತು. ಪಕ್ಕದಲ್ಲಿದ್ದ ಓಬಳೇಶಪ್ಪನ ಕಡೆ ಬೆರಳು ತೋರಿಸಿದ್ದು ಹೇಮಾವತಿ. ಜನ ಅವನ ಅಂಗಿ ಬಿಚ್ಚಿಸಿ ಹುಡುಕಿದರು. ಫೋನು ಸಂಜೆ ಕಳೆದುಕೊಂಡವರ ಮನೆಯಲ್ಲೇ ಸಿಕ್ಕಿತು. ಓಬಳೇಶಪ್ಪ ಮತ್ತೆ ಈ ಬಸ್ ಹತ್ತಲಿಲ್ಲ. ಇಂದಿಗೂ ಮಳೆ ಬರಲಿ, ಬಿಸಿಲಿರಲಿ, ಮೊಪೆಡ್ಡಿನಲ್ಲೇ ದುರ್ಗಕ್ಕೆ ಹೋಗುತ್ತಾನೆ. ಮಗಳಿಗೆ ಮಾತು ಕೊಟ್ಟದ್ದು ಆ ರಾತ್ರಿ.

ಅವತ್ತು ಬಾಯಿ ಬಿಟ್ಟು ಒಬ್ಬನನ್ನು ಬಸ್ಸಿನಿಂದ ಓಡಿಸಿದ್ದಾಗಿತ್ತು. ಇವತ್ತು ಬಾಯಿ ಮುಚ್ಚಿಕೊಂಡು ಇನ್ನೊಬ್ಬನನ್ನು ಓಡಿಸಬೇಕೆ? ಸಾಕಾಗಿ ಹೋಗಿತ್ತು. ಎದ್ದು ನಿಂತಳು.

“ರಾಜಕುಮಾರಣ್ಣ, ಬಸ್ ಪಕ್ಕಕ್ಕೆ ಹಾಕಿಸ್ರಿ. ಯಾರೂ ಇಳೀಬ್ಯಾಡ್ರಿ.”

“ಮೇಡಂ, ಟೈಮಾಗ್ತದೆ…”

“ನಂಗೂ ಆಗ್ತದೆ. ಲ್ಯಾಬಿನ ಮುಂದೆ ನಲವತ್ತು ಜನ ರಕ್ತ ಕೊಡಾಕೆ ಖಾಲಿ ಹೊಟ್ಟೇಲಿ ಕುಂತಿರ್ತಾರೆ, ನನ್ನ ಬೈಕೊಂಡು. ಬಸ್ ಸ್ಟ್ಯಾಂಡಿಗೆ ಹೋದ್ರೆ ಎಲ್ಲಾ ಒಂದೊಂದು ದಿಕ್ಕು. ಆಮೇಲೆ ಎಲ್ಲಿ ಹುಡುಕ್ತೀರಿ? ಹಾಕಿಸ್ರಿ.”

*

“ಬ್ಯಾಗ್ ಯಾರ ಕೈಗೆ ಕೊಟ್ಟಿದ್ದೆ ಪಲ್ಲವಿ?”

“ಸಿದ್ದಕ್ಕಗೆ. ದಿನಾ ಅವ್ರಿಗೇ ಕೊಡೋದು.”

ನಿಂತವರು ಕೂತವರ ತೊಡೆ ಮೇಲೆ ಬ್ಯಾಗಿಡುತ್ತಾರೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಬಲಗಡೆಯ ಎರಡನೇ ಸೀಟಿನ ಸಿದ್ದಕ್ಕ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವಳು. ಅರ್ಧ ದಾರಿಗೆ ಇಳಿಯುತ್ತಾಳೆ. ಇಳಿಯುವಾಗ ತೊಡೆಯ ಮೇಲಿದ್ದ ಬ್ಯಾಗುಗಳನ್ನು ಹಿಂದಿನ ಸೀಟಿಗೆ ದಾಟಿಸುತ್ತಾಳೆ. ಇಂದೂ ದಾಟಿಸಿ ಇಳಿದಿದ್ದಳು. ಆಗ ಹತ್ತಿದ ಜನ ಪಲ್ಲವಿಯನ್ನು ಬ್ಯಾಗ್ ಕಾಣದಷ್ಟು ಹಿಂದಕ್ಕೆ ತಳ್ಳಿದ್ದರು.

“ಪಾರ್ವತಮ್ಮನೋರೆ, ನಿಮಗೆ ಬ್ಯಾಗ್ ಕೊಟ್ಟಿದ್ದು ಯಾರು?”

“ನಂಗೇನ್ ಗೊತ್ತವ್ವ? ತೂಕಡಿಸ್ತಿದ್ದೆ. ಮುಂದಿಂದ ಬಂತು, ಇಟ್ಕಂಡೆ. ಬಂದ ಬ್ಯಾಗಿಂದೆಲ್ಲ ಜಾತಕ ಕೇಳ್ಕಂತ ಕೂರ್ಲಾ?”

“ನಾನೇ ಕೊಟ್ಟಿದ್ದು,” ಎಂದ ಗುರುರಾಜ್. ಅವನು ಕೂತಿದ್ದು ಸಿದ್ದಕ್ಕನ ಹಿಂದೆ, ಪಾರ್ವತಮ್ಮನ ಮುಂದೆ. “ಕಾಲು ಜೋಮು ಹಿಡಿದಿತ್ತು, ಹಿಂದಕ್ಕೆ ದಾಟಿಸ್ದೆ. ಅದೂ ತಪ್ಪಾ ಹೇಮಕ್ಕ? ನೋಡ್ಕಳ್ರಿ ಬೇಕಾದ್ರೆ!”

ಎದ್ದು ಎರಡೂ ಕೈ ಎತ್ತಿದ. ಜೇಬಿನಲ್ಲಿ ಏನಿಲ್ಲ. ಸೀಟಿನ ಮೇಲಿಲ್ಲ, ಕೆಳಗಿಲ್ಲ. ಜನ ನಕ್ಕರು.

ಹೇಮಾವತಿ ಜೇಬು ನೋಡಲಿಲ್ಲ. ಕಿಟಕಿಯ ಬಿಸಿಲು ಅವನ ಮುಖಕ್ಕೆ ಹೊಡೆಯುತ್ತಿತ್ತು. ಬೆವರು ಕತ್ತಿಗೆ ಇಳಿದಿತ್ತು.

“ಏನಪ್ಪ ಗುರುರಾಜ್, ಇವತ್ತು ಬಿಸಿಲಿನ ಕಡೆ ಕುಂತಿದೀಯ?”

“ನೆರಳಿನ ಕಡೆ ಸೀಟು ಸಿಗ್ಲಿಲ್ಲ.”

“ಸುಳ್ಳು. ಎಡಗಡೆ ಮೂರನೇ ಸೀಟಿಗೆ ಕಿಟಕಿಯಿಂದ ಕರ್ಚೀಫ್ ಎಸೆದೇ ನೀನು ಬಸ್ ಹತ್ತೋದು. ಹೋದ ಬೇಸಿಗೇಲಿ ಅದೇ ಸೀಟಿಗೆ ಬಸುರಿ ಹೆಂಗಸಿನ ಹತ್ರ ಜಗಳ ಆಡಿದೋನು. ಇವತ್ತು ಅಲ್ಲಿ ನಾನು ಕುಂತೀನಿ. ನಿನಗಿಂತ ಆಮೇಲೆ ಹತ್ತಿದೋಳು! ಹನ್ನೊಂದು ವರ್ಷದಲ್ಲಿ ಮೊದಲನೇ ಸಲ.”

ಗುರುರಾಜನ ಕೈ ಕೆಳಗಿಳಿಯಿತು.

“ನಿಂತಿರೋರೆಲ್ಲ ನಿಮ್ಮ ನಿಮ್ಮ ಬ್ಯಾಗ್ ಇಸ್ಕಳ್ರಿ.”

ಗೊಣಗುತ್ತಾ ಎಲ್ಲರೂ ಇಸಿದುಕೊಂಡರು. ಪಾರ್ವತಮ್ಮನ ತೊಡೆ ಮೇಲೆ ಒಂದು ಕಪ್ಪು ಬ್ಯಾಗ್ ಉಳಿಯಿತು. ಯಾರೂ ನನ್ನದು ಅನ್ನಲಿಲ್ಲ.

“ಅದು ಗುರುರಾಜಂದಲ್ವೇನ್ರಿ?” ರಾಜಕುಮಾರ್ ಬಗ್ಗಿ ನೋಡಿದ. “ಜಿಪ್ಪಿಗೆ ಸೇಫ್ಟಿ ಪಿನ್ನು. ದಿನಾ ನೋಡ್ತೀನಿ.”

ಪಲ್ಲವಿ ಪಿನ್ನು ಬಿಚ್ಚಿದಳು. ಒಳಗೆ ನೀಲಿ ಫೈಲು. ಅದರೊಳಗೆ ಅವಳ ಹೆಸರಿನ ಅಂಕಪಟ್ಟಿಗಳು. ಒಂದೊಂದನ್ನೇ ತೆಗೆದು ನೋಡಿ, ಎದೆಗೆ ಒತ್ತಿಕೊಂಡಳು.

*

“ಇದು ಜೇಬುಗಳ್ಳನ ಕೆಲಸ ಅಲ್ಲ,” ಎಂದಳು ಹೇಮಾವತಿ. “ಅವನಿಗೆ ಅಂಕಪಟ್ಟಿ ತಗಂಡು ಏನಾಗ್ಬೇಕು? ಅಂಥದ್ದೇ ನೀಲಿ ಫೈಲು ಮನೆಯಿಂದ ರೆಡಿ ಮಾಡ್ಕಂಡು ಬಂದಾನೆ ಅಂದ್ರೆ, ಇವಳ ಫೈಲು ಮೊದ್ಲೇ ನೋಡಿರ್ಬೇಕು. ಜೆರಾಕ್ಸ್ ಎಲ್ಲಿ ಮಾಡಿಸ್ದೆ ಪಲ್ಲವಿ?”

“ಇವ್ರ ಅಂಗಡೀಲೇ. ಶನಿವಾರ.”

“ಇವಳು ಸಿದ್ದಕ್ಕಗೆ ಬ್ಯಾಗ್ ಕೊಡೋದು, ಸಿದ್ದಕ್ಕ ಹಿಂದಕ್ಕೆ ದಾಟ್ಸೋದು, ದಿನಾ ಬರೋರಿಗೆಲ್ಲ ಗೊತ್ತು. ಅದಕ್ಕೇ ಬಿಸಿಲು ತಡ್ಕಂಡು ಅಲ್ಲಿ ಕುಂತ. ತನ್ನ ಬ್ಯಾಗಿನ ಮರೇಲಿ ಫೈಲು ಬದಲಾಯಿಸ್ದ. ಹುಡುಕಿದ್ರೆ ತನ್ನ ಹತ್ರ ಸಿಗಬಾರ್ದು ಅಂತ ಎರಡೂ ಬ್ಯಾಗ್ ಹಿಂದಕ್ಕೆ ಕೊಟ್ಟ. ಅಲ್ಲೇ ಸಿಕ್ಕಿಬಿದ್ದ. ನಿಂತೋರು ಬ್ಯಾಗ್ ಕೊಡ್ತಾರೆ. ಕುಂತೋನು ತನ್ನ ಬ್ಯಾಗ್ ಇನ್ನೊಬ್ರ ತೊಡೆ ಮೇಲೆ ಇಟ್ಟಿದ್ದು ನಾನಂತೂ ನೋಡಿಲ್ಲ.”

ಗುರುರಾಜ್ ಸೀಟಿಗೆ ಕುಸಿದ.

“ಲಿಸ್ಟಲ್ಲಿ ಎರಡನೇ ನಂಬರ್ ನನ್ನ ತಂಗಿ ಸುಮಿತ್ರಾ,” ಎಂದ. “ಮೂರು ಸಲ ಪರೀಕ್ಷೆ ಬರೆದಾಳೆ. ಇನ್ನೊಂದು ವರ್ಷಕ್ಕೆ ವಯಸ್ಸು ಮೀರ್ತದೆ. ನಾಳೆ ಬೆಳಿಗ್ಗೆ ಫೈಲು ಇವ್ರ ಮನೆ ಬಾಗಿಲಲ್ಲಿ ಇಟ್ಟು ಬರ್ತಿದ್ದೆ. ಹರೀತಿರ್ಲಿಲ್ಲ, ಆಣೆ.”

“ನಾಳೆ ಇಟ್ಟಿದ್ರೆ ಏನ್ ಮಾಡ್ಲಿ ಅಣ್ಣ? ಫ್ರೇಮ್ ಹಾಕಿಸ್ಲಾ?” ಪಲ್ಲವಿ ಕೇಳಿದಳು. “ಅರ್ಜಿ ತುಂಬಿಸ್ಕೊಟ್ಟೋರು ನೀವೇ. ‘ಈ ಸಲ ನಿಂಗೆ ಆಗ್ತದೆ ಬಿಡು’ ಅಂದೋರೂ ನೀವೇ.”



“ಸಿಕ್ತಲ್ಲ, ಹೋಗಾಣ ಇನ್ನು! ರೈಟ್, ರೈಟ್!” ಎಂದು ಹಿಂದಿನಿಂದ ಯಾರೋ ಕೂಗಿದರು. ಬುಟ್ಟಿ ಕಿತ್ತವನದೇ ದನಿ. ಸೇವಂತಿಗೆ ಆರಿಸಲು ಒಬ್ಬರೂ ಬಗ್ಗಲಿಲ್ಲ. ಜುಂಜೇಶನ ಜೊತೆ ಹೇಮಾವತಿ ಮಂಡಿಯೂರಿದಳು. ತುಳಿಯದೆ ಉಳಿದದ್ದು ಅರ್ಧ ಬುಟ್ಟಿ.

ಬಸ್ಸು ಪೊಲೀಸ್ ಠಾಣೆಯ ಮುಂದೆ ನಿಂತು, ಗುರುರಾಜನನ್ನು ಇಳಿಸಿ ಹೋಯಿತು. ಪಲ್ಲವಿ ಹತ್ತೂ ಇಪ್ಪತ್ತಕ್ಕೆ ಕಚೇರಿ ಮುಟ್ಟಿದಳು. ತಡವಾದದ್ದಕ್ಕೆ ಹೇಮಾವತಿಗೆ ಲ್ಯಾಬಿನಲ್ಲಿ ಅರ್ಧ ದಿನದ ರಜೆ ಹಾಕಿದರು.

ಸಂಜೆ ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು. ಸುದ್ದಿ ಆಗಲೇ ಮುಟ್ಟಿತ್ತು.

“ಅಮ್ಮ, ನಂಗೆ ಮಾತು ಕೊಟ್ಟಿದ್ದೆ.”

“ಕೊಟ್ಟಿದ್ದೆ,” ಎಂದಳು ಹೇಮಾವತಿ. “ಇವತ್ತು ಮುರಿದೆ.”